ಕೊನೆಯ ಅಧ್ಯಾಯ ಅಳಿಸಿದ ಮೇಲೆ

"ಕೆಂಪು ಗುಂಡಿ ಒತ್ತಿ ಅಂತ ಬರ್ದಿರೋ ಮಹಾತಾಯಿ ಯಾರು ಇಲ್ಲಿ?"

ಗ್ರಂಥಾಲಯದ ಮಹಡಿಯ ಕೋಣೆಯ ಬಾಗಿಲಿನಿಂದ ದನಿ ಬಂತು. ಪ್ರತಿ ಶನಿವಾರ ಬೆಳಗ್ಗೆ ಅಲ್ಲಿ ನಾಲ್ಕೈದು ಜನ ಸೇರಿ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ತಿದ್ದಬಹುದಾದ ಧ್ವನಿಮುದ್ರಣ ತಂತ್ರಾಂಶವೊಂದನ್ನು ಕಟ್ಟುತ್ತಿದ್ದರು. ಅದರ ಕೈಪಿಡಿ ಬರೆಯುವುದು ಅವರಲ್ಲೊಬ್ಬಳಾದ ಅವಳ ಪಾಲಿನ ಕೆಲಸ.

"ನಾನೇ... ಏನೀಗ?" ಎಂದು ತಿರುಗಿದಳು. ಬಾಗಿಲಲ್ಲಿ ನಿಂತವನ ಕೈಯಲ್ಲಿ ಬಿಳಿ ಕೋಲಿತ್ತು!

"ನಾನು ಪಿಯಾನೋ ಶ್ರುತಿ ಮಾಡೋನು. ನನ್ನ ಕಂಪ್ಯೂಟರ್ ನಿಮ್ಮ ಕೈಪಿಡಿನ ಗಟ್ಟಿಯಾಗಿ ಓದಿ ಹೇಳುತ್ತೆ. ಆದ್ರೆ ಕೆಂಪು ಯಾವುದು ಅಂತ ಅದಕ್ಕೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ!"

ಅವಳಿಗೆ ಕೋಪ ಬರಬೇಕಿತ್ತು. ಬಂದದ್ದು ನಗು. ಅವನೂ ನಕ್ಕುಬಿಟ್ಟ. ಮರುವಾರದಿಂದ ಕೈಪಿಡಿಯನ್ನು ಪರೀಕ್ಷಿಸಲು ಅವನೂ ಬರತೊಡಗಿದ.

ಎಷ್ಟು ವರ್ಷಗಳಾಗಿಹೋದವು! ಆ ಮರದ ಮೆಟ್ಟಿಲು, ಗರಗರ ಎನ್ನುತ್ತಿದ್ದ ಹಳೆಯ ಕಂಪ್ಯೂಟರ್, ಕಿಟಕಿಯ ಪಕ್ಕದ ಎರಡು ಕುರ್ಚಿಗಳು... ಎಲ್ಲವೂ ಇಂದಿಗೂ ಅವಳ ಕಣ್ಣಿಗೆ ಕಟ್ಟಿದಂತಿವೆ. ಅವಳು ಬರೆದದ್ದನ್ನು ಓದುವಳು. ಅವನು ಕಂಪ್ಯೂಟರಿನ ಕೀಲಿಗಳ ಮೇಲೆ ಬೆರಳಾಡಿಸಿ ಅದರಂತೆ ಮಾಡಿ ನೋಡುವನು.

"ಇಲ್ಲಿ ಸಿಕ್ಕಿಹಾಕ್ಕೊಂಡೆ ಮೇಡಂ, ಹೊರಗೆ ಎಳೀರಿ!"

'ಈ ಶನಿವಾರ ವಾರಕ್ಕೊಂದೇ ಸಲ ಯಾಕೆ ಬರುತ್ತೋ...' ಎಂದು ಅವಳ ಮನಸ್ಸು ಯಾವಾಗ ಗೊಣಗತೊಡಗಿತೋ, ಅವಳಿಗೇ ತಿಳಿಯಲಿಲ್ಲ.

ಆರು ತಿಂಗಳ ಬಳಿಕ, ಅವನಿಗೆ ಅಚ್ಚರಿ ಕೊಡೋಣವೆಂದು, ಅವನಿಂದ ಕಲಿತದ್ದನ್ನೆಲ್ಲ ಸೇರಿಸಿ ಕೈಪಿಡಿಯ ಕೊನೆಗೊಂದು ಅಧ್ಯಾಯ ಬರೆದಳು: 'ಕಣ್ಣು ಕಾಣದವರಿಗಾಗಿ'.

ಕಂಪ್ಯೂಟರ್ ಅದನ್ನು ಓದಿ ಮುಗಿಸುವಷ್ಟರಲ್ಲಿ ಅವನ ಮುಖ ಬಾಡಿತ್ತು.

"ಮನೆಗೆ ಕರೆದು ಹಿತ್ತಿಲ ಬಾಗಿಲು ತೋರಿಸಿದಂಗಾಯ್ತು. ನಿಮ್ಮ ಪಕ್ಕದಲ್ಲಿ ಕೂತಿದೀನಿ ಅನ್ಕೊಂಡಿದ್ದೆ... ನೀವು ನನ್ನ ಕೊನೇ ಪುಟದಲ್ಲಿ ಕೂರಿಸಿದ್ರಿ."

"ಅಯ್ಯೋ, ಹಾಗಲ್ಲ..."

ಕೋಲಿನ ಸದ್ದು ಮೆಟ್ಟಿಲಿಳಿದು ಹೋಯಿತು. ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನನ್ನೂ ಎತ್ತಲಿಲ್ಲ.

"ಪುಕ್ಕಟೆ ಕೆಲಸಕ್ಕೇ ಇಷ್ಟು ಅಳ್ತೀಯ, ಸಂಬಳ ಬೇರೆ ಕೊಟ್ಟಿದ್ರೆ ಗತಿಯೇನೇ?" ಎಂದರು ಮನೆಯಲ್ಲಿ ಅವಳ ಅತ್ತಿಗೆ. ಆಮೇಲೆ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದರು, "ಅವನು ಅಂದಿದ್ರಲ್ಲಿ ತಪ್ಪೇನಿದೆ ಹೇಳು?"

ತಪ್ಪೇನೂ ಇರಲಿಲ್ಲ!

ಅವಳು ಆ ಅಧ್ಯಾಯವನ್ನು ಅಳಿಸಿಹಾಕಿದಳು. ಮೊದಲ ಪುಟದಿಂದ ಹಿಡಿದು ನೂರ ಹನ್ನೆರಡು ಪುಟಗಳನ್ನೂ ಹೊಸದಾಗಿ ಬರೆದಳು. ಪ್ರತಿ ಹೆಜ್ಜೆಗೂ ಒತ್ತಬೇಕಾದ ಕೀಲಿ, ಒತ್ತಿದಾಗ ಕೇಳುವ ಸದ್ದು. ಕಾಣುವವರಿಗೂ ಕಾಣದವರಿಗೂ ಒಂದೇ ದಾರಿ. ಎರಡು ತಿಂಗಳು ಹಿಡಿಯಿತು. ಜಾಲತಾಣಕ್ಕೆ ಹಾಕಿ ಸುಮ್ಮನಾದಳು. 'ಓದಿದರೆ ಓದಲಿ...'

ಅದಾದ ಮೂರನೆಯ ಶನಿವಾರ ಅವನು ಬಾಗಿಲಲ್ಲಿ ನಿಂತಿದ್ದ.

"ಪೂರ್ತಿ ಕೇಳಿದೆ. ಆ ಅಧ್ಯಾಯ ಹುಡುಕ್ದೆ... ಸಿಗ್ಲಿಲ್ಲ." ಅವನು ಒಂದು ಹೆಜ್ಜೆ ಒಳಗಿಟ್ಟ. "ದುಡುಕಿಬಿಟ್ಟೆ. ನಿಮ್ಮನ್ನ ಬಿಟ್ಟಿರೋಕೆ ಆಗ್ತಿಲ್ಲ ನಂಗೆ."

"ನಂಗೆ ಮಾತ್ರ ಆಗುತ್ತಾ?"

"ಆದ್ರೂ ಒಂದು ದೂರಿದೆ."

"ಮತ್ತೇನು?!"

"ಅದನ್ನ ಯಂತ್ರ ಓದುತ್ತೆ. ನಂಗೆ ನಿಮ್ಮ ಬಾಯಲ್ಲೇ ಕೇಳ್ಬೇಕು."

"ಅಷ್ಟೂ ಪುಟಾನಾ? ಅದು ವರ್ಷವರ್ಷ ಬದಲಾಗ್ತಾನೇ ಇರುತ್ತೆ ರೀ! ಮುಗಿಯೋದು ಯಾವಾಗ?"

"ಮುಗಿಯಲ್ಲ ಅಂತ ಗೊತ್ತು." ಅವನು ಗಾಳಿಯಲ್ಲಿ ಚಾಚಿದ ಕೈಯನ್ನು ಅವಳೇ ಬಂದು ಹಿಡಿದಳು. "ಅದಕ್ಕೇ ಕೇಳ್ತಿರೋದು..."