ಪ್ಲೈವುಡ್ ಸಂದಿಯಲ್ಲಿ ಕೇಳಿದ ಪ್ರಶ್ನೆ

ಆ ಇಂಗ್ಲಿಷ್ ಟೀಚರ ತರಗತಿಗೆ ನೆಟ್ಟಗಿನ ಒಂದು ಗೋಡೆ ಇರಲಿಲ್ಲ. ಶಾಲೆಯವರು ಹಾಲಿನ ನಡುವೆ ಪ್ಲೈವುಡ್ ನಿಲ್ಲಿಸಿ ಎರಡು ಕೋಣೆ ಮಾಡಿದ್ದರು. ಈಚೆ ಅವಳ ಒಂದನೇ ತರಗತಿ, ಆಚೆ ಡ್ರಾಯಿಂಗ್ ಮೇಷ್ಟ್ರ ಎರಡನೇ ತರಗತಿ.

ಅವಳು ಸೇರಿದ ಮೊದಲ ವಾರವೇ ಅವನು ಬಾಗಿಲಿಗೆ ಬಂದು ನಿಂತ. ತೋಳಿಗೆಲ್ಲ ನೀಲಿ ಬಣ್ಣ ಮೆತ್ತಿತ್ತು.

"ಟೀಚರ್, ಬೆಳಗಿನಿಂದ ನಿಮ್ಮ ಮಕ್ಕಳು 'ದಿಸ್ ಈಸ್ ಎ ಬಾಲ್' ಅಂತಿದಾರೆ. ಅದು ಬಾಲ್ ಅಂತ ಆಚೆ ಕೂತ ನನಗೂ ಗೊತ್ತಾಯ್ತು. ಇನ್ನೂ ಯಾರಿಗೆ ಗೊತ್ತಾಗ್ಬೇಕು?"

ಅವಳಿಗೆ ಮೈಯೆಲ್ಲ ಉರಿಯಿತು. "ನೀವು ಗೆರೆ ಎಳೀರಿ ಸರ್. ಪಾಠ ನನಗೆ ಬಿಡಿ."

ಅವನು ಹೋದ. ಮಾತು ಮಾತ್ರ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಉಳಿಯಿತು. ನಿಜ ತಾನೇ... ಕಣ್ಣೆದುರಿನ ಬಾಲನ್ನು ತೋರಿಸಿ ಇದೇನು ಎಂದು ಯಾರಾದರೂ ಕೇಳುತ್ತಾರೆಯೇ? ಮಕ್ಕಳದು ಗಿಳಿಪಾಠ, ಮಾತಲ್ಲ. ವರ್ಷದ ಕೊನೆಗೂ ಅವರು ಇಂಗ್ಲಿಷ್ ಮಾತಾಡದಿದ್ದರೆ ಅವಳ ಕೆಲಸ ಖಾಯಂ ಆಗದೆಂದು ಹೆಡ್‌ಮಿಸ್ ಮೊದಲೇ ಹೇಳಿದ್ದರು.

ಮರುದಿನ ಅವಳೇ ಅವನ ಬಾಗಿಲಿಗೆ ಹೋದಳು.

"ನನ್ನ ಮಕ್ಕಳು ಒಂದು ಚಿತ್ರ ನೋಡಿ ಹೇಳ್ತಾರೆ. ನಿಮ್ಮ ಮಕ್ಕಳು ಅದನ್ನ ನೋಡದೆ ಬಿಡಿಸ್ಬೇಕು. ಗೊತ್ತಾಗದಿದ್ರೆ ಕೇಳ್ಬೇಕು. ಎಲ್ಲಾ ಇಂಗ್ಲಿಷಲ್ಲೇ."

"ಅಂದ್ರೆ, ಉತ್ತರ ಗೊತ್ತಿಲ್ಲದೋರೇ ಪ್ರಶ್ನೆ ಕೇಳೋದು?"

"ಗೊತ್ತಿದ್ರೆ ಅದು ಪ್ರಶ್ನೆ ಹೇಗಾಗುತ್ತೆ ಸರ್?"

ಅವನು ನಕ್ಕ.

ಅಂದಿನಿಂದ ಮಕ್ಕಳು ಪ್ಲೈವುಡ್ಡಿನ ಸಂದಿಗೆ ಬಾಯಿಟ್ಟು ಕೂಗತೊಡಗಿದರು. "ಎ ಬಿಗ್ ಹೌಸ್." "ಹೌ ಮೆನಿ ವಿಂಡೋಸ್?" "ವೇರ್ ಈಸ್ ದ ಕ್ಯಾಟ್?" ತುಟಿ ಬಿಚ್ಚದ್ದಕ್ಕೆ ಗುಮ್ಮಿ ಎಂದು ಹೆಸರಾಗಿದ್ದ ಹುಡುಗಿ ಒಂದು ದಿನ ಆಚೆ ಇಣುಕಿ, ಅವರು ಬಿಡಿಸಿದ ಬೆಕ್ಕು ಮಂಚದ ಕೆಳಗಿದ್ದುದನ್ನು ಕಂಡು ರೇಗಿದಳು. "ನೋ, ನಾಟ್ ಅಂಡರ್. ಆನ್ ದ ರೂಫ್!"

ಟೀಚರ ಕಣ್ಣು ತುಂಬಿ ಬಂತು. ಆಚೆಯಿಂದ ಅವನ ನಗು ಕೇಳಿಸಿತು. ಆ ನಗುವಿಗೆ ತಾನು ದಿನವೂ ಕಾಯುತ್ತಿದ್ದೇನೆಂದು ಅವಳಿಗೆ ತಿಳಿದದ್ದು ಆಗಲೇ.

ಒಂದು ಸೋಮವಾರ ಬಡಗಿ ಬಂದು ಪ್ಲೈವುಡ್ಡಿಗೆ ಅಳತೆ ಟೇಪು ಹಿಡಿದ.

"ಯಾರು ಕರೆಸಿದ್ದು?"

"ಡ್ರಾಯಿಂಗ್ ಮೇಷ್ಟ್ರು."

ಸಂದಿ ಮುಚ್ಚಿಸುತ್ತಿದ್ದಾನೆ... ಗದ್ದಲ ಸಾಕಾಗಿದೆ. ಬಾಯಿಬಿಟ್ಟು ಹೇಳಬಹುದಿತ್ತಲ್ಲ! ಅವಳು ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ಕುಳಿತಳು.

ಆಚೆ ಪೆನ್ಸಿಲ್ ಹಿಡಿದವರು ಕಾದರು. "ಮಿಸ್, ವಾಟ್ ಟು ಡ್ರಾ?" ಎಂದಿತು ಒಂದು ಎಳೆ ದನಿ. ಅವಳು ಕಾಪಿ ಪುಸ್ತಕ ತಿದ್ದತೊಡಗಿದಳು. ಆಮೇಲೆ ದಪ್ಪ ದನಿಯೊಂದು ಬಂತು.

"ಟೀಚರ್, ಆರ್ ಯು ಆಂಗ್ರಿ?"

ಗುಮ್ಮಿ ಎದ್ದು ಹೋಗಿ ಸಂದಿಗೆ ಬಾಯಿಟ್ಟಳು. "ಯೆಸ್. ವೆರಿ."

ಶಾಲೆ ಬಿಟ್ಟೊಡನೆ ಅವನು ಓಡಿಬಂದ. "ಏನಾಯ್ತು?"

"ಗೋಡೆ ಗಟ್ಟಿ ಮಾಡಿಸ್ತಿದೀರಲ್ಲ. ಇನ್ನು ನಿಮಗೆ ನೆಮ್ಮದಿ."

"ಗಟ್ಟಿನಾ? ತೆಗೆಸ್ತಿದೀನಿ. ಮಕ್ಕಳು ಬೆನ್ನು ತಿರುಗಿಸಿ ಕೂತ್ರೆ ಆಟ ಹಾಗೇ ನಡೆಯುತ್ತೆ. ಹೆಡ್‌ಮಿಸ್ ಒಪ್ಪಿದ್ರು. ಗುಮ್ಮಿಯ ಜಗಳ ಕೇಳಿ, ನಿಮ್ಮ ಕೆಲಸ ಖಾಯಂ ಅಂತಾನೂ ಅಂದ್ರು."

"ನನಗೆ ಹೇಳಬಾರದಿತ್ತಾ?"

"ನೀವು ಕೇಳಬಾರದಿತ್ತಾ? ಗೊತ್ತಿಲ್ಲದಿದ್ರೆ ಕೇಳ್ಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟೋರು ಯಾರು?"

ಅವಳು ತಲೆ ತಗ್ಗಿಸಿದಳು. "ತಪ್ಪಾಯ್ತು. ಅವತ್ತು ನೀವು ಕೆಣಕದಿದ್ರೆ ನನ್ನ ಮಕ್ಕಳು ಇನ್ನೂ ಆ ಬಾಲನ್ನೇ ಹಿಡ್ಕೊಂಡಿರ್ತಿದ್ರು. ನಿಮಗೊಂದು ಥ್ಯಾಂಕ್ಸ್ ಕೂಡ ಹೇಳಿಲ್ಲ ನಾನು."

"ಥ್ಯಾಂಕ್ಸ್ ಇರಲಿ. ನಾನೂ ಒಂದು ಕೇಳ್ಲಾ? ಉತ್ತರ ನಿಜವಾಗ್ಲೂ ಗೊತ್ತಿಲ್ಲ..."

"ಕೇಳಿ."

"ನನ್ನ ಮದುವೆ ಆಗ್ತೀರಾ?"

ಅವಳು ತಲೆ ಎತ್ತಿದಳು. "ಪೂರ್ತಿ ವಾಕ್ಯದಲ್ಲಿ ಹೇಳ್ಬೇಕಾ ಸರ್?"

"ಒಂದು ಪದ ಸಾಕು ಟೀಚರ್."

"ಹೂಂ."

ಶನಿವಾರ ಗೋಡೆ ಹೋಯಿತು. ಒಟ್ಟು ನಷ್ಟ: ಪ್ಲೈವುಡ್ ಹಲಗೆ ನಾಲ್ಕು, ಬಾಗಿದ ಮೊಳೆ ಒಂದು ಡಬ್ಬಿ, ಬಡಗಿಯ ಕಾಲಿಗೆ ಸಿಕ್ಕಿ ಒಡೆದ ನೀಲಿ ಬಣ್ಣದ ಶೀಶೆ ಒಂದು.