ಅರಿಶಿನ ಹಚ್ಚಿದ ಸರ್ಟಿಫಿಕೇಟು

2002ರ ಫೆಬ್ರುವರಿ 18, ಸೋಮವಾರ ಬೆಳಗ್ಗೆ ಹತ್ತೂವರೆಗೆ, ಕಲಬುರಗಿಯ ಜಗತ್ ಸರ್ಕಲ್ ಬಳಿಯ ಆಸ್ಪತ್ರೆಯೊಂದರ ಡಾ. ಶ್ರೀನಿವಾಸ ಠಾಣೆಗೆ ಬಂದು ದೂರು ಕೊಟ್ಟರು. ಅವರ ಸೀಲು, ಅವರ ಹೆಸರಿನ ಸಹಿ ಇದ್ದ ಸರ್ಟಿಫಿಕೇಟೊಂದು ಕಮಲಾಪುರದ ಹೈಸ್ಕೂಲಿನಿಂದ ಪರಿಶೀಲನೆಗೆ ಬಂದಿತ್ತು. ಸೀಲು ಅವರದೇ, ಸಹಿ ಅವರದಲ್ಲ.

“ಹುಡುಗಿ ಹೆಸರು ಕಾಶಮ್ಮ. ನಾ ಕೊಟ್ಟದ್ದು ಎಫ್ 70, ಅಂದ್ರ ಬುದ್ಧಿ ಕಮ್ಮಿ. ಇದರಾಗ ಎಫ್ 81 ಅದರೀ. ಬುದ್ಧಿ ಸರಿ ಅದ, ಬರವಣಿಗಿ ಅಷ್ಟೇ ಬರಂಗಿಲ್ಲ ಅಂತ ಅದರರ್ಥ.”

“ಅದರಿಂದ ಏನು ಫಾಯದಾ?” ಇನ್‌ಸ್ಪೆಕ್ಟರ್ ದೇವಿಂದ್ರಪ್ಪ ಕೇಳಿದರು.

“ಎಸ್ಸೆಸ್ಸೆಲ್ಸಿ ಪರೀಕ್ಷಾದಾಗ ಆಕಿ ಹೇಳಿದ್ದು ಬರೀಲಿಕ್ಕೆ ಒಬ್ಬರನ್ನ ಕೊಡ್ತಾರ.”

ಕಳ್ಳರಿಗೆ ಸೆಕ್ಷನ್ ಇರುವಂತೆ ಕಾಯಿಲೆಗೂ ನಂಬರಿರುತ್ತದೆಂದು ದೇವಿಂದ್ರಪ್ಪನವರಿಗೆ ಗೊತ್ತಾದದ್ದು ಅಂದೇ. ಸುಳ್ಳು ದಾಖಲೆ ಸೃಷ್ಟಿಸಿದ ಆರೋಪದಡಿ ಎಫ್‌ಐಆರ್ ಹಾಕಿಸಿ, ಪೇದೆ ನಬಿಸಾಬ್‌ನೊಂದಿಗೆ ಜೀಪು ಹತ್ತಿದರು.

ಹುಡುಗಿಯ ಮನೆ ಕಮಲಾಪುರದ ಹತ್ತಿರದ ಮಹಾಗಾಂವದಲ್ಲಿ. ತಾಯಿ ಶಂಕ್ರಮ್ಮ ತೊಗರಿ ಕೇರುತ್ತಿದ್ದವಳು ಪೊಲೀಸರನ್ನು ಕಂಡು ಮೊರ ಕೆಳಗಿಟ್ಟಳು.

ದೇವಿಂದ್ರಪ್ಪ ಸರ್ಟಿಫಿಕೇಟನ್ನು ಅವಳ ಮುಂದೆ ಹಿಡಿದರು. “ಇದಕ್ಕ ಯಾರಿಗೆ ರೊಕ್ಕ ಕೊಟ್ಟಿ?”

“ಯಾರಿಗೂ ಇಲ್ಲರೀ ಸಾಹೇಬರ. ಟಪಾಲಿನಾಗ ಬಂತು.”

“ಮೂಲ್ಯಾಗ ಅರಿಷಿಣ ಯಾರು ಹಚ್ಯಾರ?”

“ಬರೋಮುಂದೇ ಹಂಗಿತ್ತರೀ.”

ನಾಲ್ಕೂ ಮೂಲೆಗೆ ಅರಿಶಿನ, ಥೇಟ್ ಲಗ್ನಪತ್ರಿಕೆ! ಖೋಟಾ ಕಾಗದ ಮಾಡುವವರು ಶಾಸ್ತ್ರ ನೋಡಿ ಮಾಡುವುದನ್ನು ದೇವಿಂದ್ರಪ್ಪ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ.

ಕಾಶಮ್ಮನನ್ನು ಕರೆದು, ಎದೆಯೊಳಗೆ ರಕ್ತ ಹೇಗೆ ಓಡಾಡುತ್ತದೆ ಹೇಳು ಎಂದರು. ಹುಡುಗಿ ಎದೆಯ ಮೇಲೆ ಕೈಯಿಟ್ಟುಕೊಂಡು ಎಲ್ಲಿಯೂ ತಡವರಿಸದೆ ಹೇಳಿದಳು. ಅದನ್ನೇ ಬರಿ ಎಂದು ಪೆನ್ನು ಕೊಟ್ಟರೆ ಹಣೆ ಬೆವೆತಿತು. ಬಹಳ ಹೊತ್ತಿನ ಮೇಲೆ ಕಾಗದದಲ್ಲಿ ಮೂಡಿದ್ದು ಎರಡು ಮುರುಕಲು ಶಬ್ದ.

“ಆ ಕಾಗದ ನೀವು ಒಯ್ದ್ರ, ಮುಂದಿನ ತಿಂಗಳ ನಾ ಪರೀಕ್ಷಾಕ್ಕ ಹ್ಯಾಂಗ ಕೂಡ್ಲಿರೀ?” ಎಂದಳು. ಅವರು ಆ ಎರಡು ಶಬ್ದದ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಸೀಲು ಅಸಲಿಯೆಂದ ಮೇಲೆ ಇದು ಒಳಗಿನವರದೇ ಕೈ ಎಂದು ಮರುದಿನ ಆಸ್ಪತ್ರೆಯ ದಾಖಲೆ ಕೋಣೆಗೆ ಹೋದರು. ಡಾಕ್ಟರು ಕಾಯಿಲೆ ಹೇಳಿದ ಮೇಲೆ ಅದರ ನಂಬರು ಬರೆದು ಸೀಲು ಒತ್ತುವ ಕೆಲಸ ಅಲ್ಲಿನ ಗುಮಾಸ್ತೆ ಇಂದೂಬಾಯಿಯದು. ನಬಿಸಾಬ್ ಕಪಾಟು ತೆರೆದವನೇ ನಕ್ಕುಬಿಟ್ಟ.

“ಸಾಹೇಬರ, ಇಲ್ಲಿ ಎಲ್ಲಾ ಶಾದಿ ಕಾರ್ಡೇ ಅವರೀ!”

ಹೊಸ ರಿಜಿಸ್ಟರುಗಳ ಮೂಲೆಗಳೆಲ್ಲ ಹಳದಿ. ಮೇಜಿನ ಡ್ರಾಯರಿನಲ್ಲಿ ಅರಿಶಿನದ ಡಬ್ಬಿ. ಇಬ್ಬರು ಪಂಚರ ಸಮಕ್ಷಮ ಪಂಚನಾಮೆಯಾಯಿತು.

“ಸಹಿ ಯಾರದು?”

“ನಂದೇ.”

“ಅರಿಷಿಣ?”

“ಹುಡುಗೀನ ಮುಂದ ತರೂ ಶುಭ ಕಾಗದರೀ ಅದು. ಹಚ್ಚದೇ ಹ್ಯಾಂಗ ಕಳಸ್ಲಿ?”

“ಯಾಕ ಮಾಡಿದ್ರಿ?”

ಇಂದೂಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಆ ಕೂಸು ಇಲ್ಲೇ ಬೆಂಚಿನ ಮ್ಯಾಲೆ ಕೂತು ಪಾಠ ಪೂರಾ ಬಾಯಿಲೆ ಅಂತಿತ್ತು. ಒಳಗ ಡಾಕ್ಟರು ಬರೀಲಿಕ್ಕೆ ಹಚ್ಚಿದ್ರು, ಬುದ್ಧಿ ಕಮ್ಮಿ ಅಂದ್ರು. ನನ್ನ ಮಗ ಬಂಡುಗೂ ಹಿಂಗೇ ಆಗಿತ್ತರೀ. ಅವನ ಕಾಗದದ ಮ್ಯಾಲೆ ಎಫ್ 70 ಅಂತ ನಾನೇ ಬರದೆ. ಸಾಲಿ ಬಿಡಿಸಿದ್ರು. ಕೋಡಿನ ಪುಸ್ತಕದಾಗ 81 ಅಂತ ಒಂದದ ಅಂತ ನನಗ ತಿಳಿಯೂದ್ರಾಗ ಅವ ಕಪನೂರ ಫ್ಯಾಕ್ಟರಿದಾಗ ಚೀಲ ಹೊರತಿದ್ದ.”

ದೇವಿಂದ್ರಪ್ಪ ಮಹಿಳಾ ಪೇದೆಯನ್ನು ಕರೆಸಿ ಆಕೆಯನ್ನು ಬಂಧಿಸಿದರು. ಕಾನೂನು ಕಾನೂನೇ. ಆದರೆ ಹೊರಡುವ ಮುಂಚೆ ಡಾಕ್ಟರ ಕೋಣೆಗೆ ಹೋದರು.

“ಆ ಹುಡುಗೀನ ಬಾಯಿಲೆ ಕೇಳಿ ನೋಡೀರೇನು?”

ಡಾಕ್ಟರು ಕಾಶಮ್ಮನ ಫೈಲು ಹೊರತೆಗೆದು, “ಕರಕೊಂಡು ಬರ್ರಿ” ಎಂದರು.

ಮರುದಿನ ಕಾಶಮ್ಮನನ್ನು ಎದುರಿಗೆ ಕೂರಿಸಿಕೊಂಡು, ಈ ಸಲ ಪೆನ್ನು ಕೊಡದೆ ಮಧ್ಯಾಹ್ನದವರೆಗೆ ಪ್ರಶ್ನೆ ಕೇಳಿದರು. ತಮ್ಮ ಕೈಯಾರೆ ಎಫ್ 81 ಬರೆದು, ಹಳೆಯ ಫೈಲುಗಳನ್ನೂ ಮತ್ತೆ ನೋಡುವುದಾಗಿ ಹೇಳಿದರು. ಮೊದಲ ಫೈಲು ಬಂಡುವಿನದು. ಜಾಮೀನಿನ ಮೇಲೆ ಹೊರಬಂದ ಇಂದೂಬಾಯಿಗೆ ಈ ಸುದ್ದಿ ಮುಟ್ಟಿಸಿದವನು ನಬಿಸಾಬ್.

ಹೊಸ ಸರ್ಟಿಫಿಕೇಟನ್ನು ದೇವಿಂದ್ರಪ್ಪ ತಾವೇ ಮಹಾಗಾಂವಕ್ಕೆ ಒಯ್ದರು. ಶಂಕ್ರಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳಿಗೆ ಅನುಮಾನ.

“ಇದು ಖರೇದ್ದು ಹೌದೇನ್ರೀ? ಅರಿಷಿಣಾನೇ ಇಲ್ಲಲ್ಲ!”

ಅವರು ಬಾಯಿ ತೆರೆಯುವುದರೊಳಗೆ ಒಳಗೆ ಹೋಗಿ ಅರಿಶಿನ ತಂದು ನಾಲ್ಕೂ ಮೂಲೆಗೆ ಹಚ್ಚಿ ಮಗಳ ಕೈಗಿಟ್ಟಳು. ದೇವಿಂದ್ರಪ್ಪ ತಡೆಯಲಿಲ್ಲ.