ಮುಂದಿನ ಶನಿವಾರ

"ನಮ್ಮ ಕಾರು ಎಲ್ಲಿ?"

"ಯಾವ ಕಾರು ಮೇಡಂ?"

ಆ ದನಿ ಕೇಳಿದ್ದೇ ಮಾರ್ಸಲಿ ತಟ್ಟನೆ ತಲೆಯೆತ್ತಿದಳು. ಬಾರ್ರಾ ದ್ವೀಪದ ಹಡಗುಕಟ್ಟೆಯ ಪಕ್ಕದ ಗ್ಯಾರೇಜಿನ ಬಾಗಿಲಿಗೆ ಒರಗಿಕೊಂಡು, ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದವನು ಟಾರ್ಮಡ್.

ಈ ಮುಖ ಕಣ್ಣಿಗೆ ಬೀಳಬಾರದೆಂದೇ ಮೂರು ವರ್ಷದಿಂದ ಅವಳು ಈ ದ್ವೀಪಕ್ಕೆ ಕಾಲಿಟ್ಟಿರಲಿಲ್ಲ. ಇವನು ಮೀನಿನ ದೋಣಿಯಲ್ಲಿರಬೇಕಿತ್ತಲ್ಲ... ಇಲ್ಲೇಕೆ?

"ನಿಮ್ಮ ಚಿಕ್ಕಪ್ಪ ಎಲ್ಲಿ?" ಎಂದಳು, ಆದಷ್ಟು ತಣ್ಣಗೆ.

"ಮಂಡಿನೋವು, ಮನೇಲಿದ್ದಾರೆ. ಎರಡು ವರ್ಷದಿಂದ ಗ್ಯಾರೇಜು ನಾನೇ ನೋಡ್ಕೊಳ್ತಿದ್ದೀನಿ. ಏನಾಗಬೇಕಿತ್ತು ಹೇಳಿ."

ಒಂದು ಕಾಲದಲ್ಲಿ 'ನೀನು' ಎಂದೇ ಮಾತಾಡಿಕೊಂಡವರು. ಈಗ ಅವನ ಬಾಯಲ್ಲಿ 'ಹೇಳಿ', 'ಮೇಡಂ'. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

"ಬುಧವಾರ ಮೇಲ್ ಮಾಡಿದ್ದೆ. ನೀವು 'ಸರಿ' ಅಂತ ಉತ್ತರವನ್ನೂ ಕೊಟ್ಟಿದ್ದೀರಿ. ಒಂದೇ ಒಂದು ಪದ."

"ಅದಕ್ಕಿಂತ ಹೆಚ್ಚು ಬರೆಯೋಕೆ ನಂಗೆ ಮನಸ್ಸಿರಲಿಲ್ಲ. ಆ ಕಾರಿಗೆ ಇನ್ನೂ ಒಂದು ವಾರ ಇದೆ. ಇವತ್ತು ಇರೋ ಆರು ಕಾರೂ ಹೊರಗಿವೆ."

ಮಾರ್ಸಲಿ ಕೈಯಲ್ಲಿದ್ದ ಪ್ರವಾಸದ ಪಟ್ಟಿಯನ್ನು ಮತ್ತೆ ನೋಡಿದಳು.

ಪಕ್ಕದಲ್ಲಿ ಹನ್ನೆಕೆ ನಿಂತಿದ್ದಳು. ಹಾಲೆಂಡಿನವಳು, ಅರವತ್ತು ದಾಟಿದವಳು, ಅಲ್ಲಿ ದೊಡ್ಡ ಪ್ರವಾಸ ಕಂಪನಿಯ ಯಜಮಾನಿ. ಬಾರ್ರಾಕ್ಕೆ ಹಡಗು ಹೊರಡುವ ಓಬನ್ ಊರಿನಲ್ಲಿ ಮಾರ್ಸಲಿ ತನ್ನ ಪುಟ್ಟ ಕಚೇರಿಯಲ್ಲಿ ಕೂತು ಹೊಂದಿಸಿದ್ದ ಏಳು ದಿನದ ಪ್ರವಾಸವನ್ನು ತಾನೇ ಮಾಡಿ ನೋಡಲು ಬಂದಿದ್ದಳು. ಬಾರ್ರಾದಿಂದ ಲೂಯಿಸ್‌ವರೆಗೆ... ದ್ವೀಪದಿಂದ ದ್ವೀಪಕ್ಕೆ ಹಡಗು, ನೆಲದ ಮೇಲೆ ಬಾಡಿಗೆ ಕಾರು. ಅವಳಿಗೆ ಹಿಡಿಸಿದರೆ ಬೇಸಿಗೆಯಿಡೀ ಜನರನ್ನು ಕಳಿಸುತ್ತಾಳೆ. ಹಿಡಿಸದಿದ್ದರೆ ಮಾರ್ಸಲಿಯ ಕಚೇರಿಗೆ ಬೀಗ.

"ಮುಂದಿನ ದ್ವೀಪ ಎರಿಸ್ಕೆಗೆ ಹಡಗು ಎಷ್ಟು ಹೊತ್ತಿಗೆ?" ಹನ್ನೆಕೆ ಕೇಳಿದಳು.

"ಇನ್ನು ನಲವತ್ತು ನಿಮಿಷ. ದ್ವೀಪದ ಆ ತುದಿಯಿಂದ. ಇವತ್ತಿಗೆ ಅದೇ ಕೊನೆಯದು," ಎಂದ ಟಾರ್ಮಡ್. ಆಮೇಲೆ ಮಾರ್ಸಲಿಯ ಕೈಯಲ್ಲಿದ್ದ ಹಾಳೆಯತ್ತ ಬಗ್ಗಿ ನೋಡಿದ. ಅವನ ಮುಖ ಬಿಗಿಯಿತು.

"ಎರಿಸ್ಕೆ, ಬರ್ನರೇ, ಹ್ಯಾರಿಸ್, ಲೂಯಿಸ್... ಓಹೋ. ನನ್ನ ಅಡುಗೆಮನೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ನಾವಿಬ್ಬರೂ ಹಾಕಿದ ದಾರಿ. ಈಗ ಊರವರಿಗೆಲ್ಲ ಮಾರ್ತಿದ್ದೀರಾ?"

"ಹೋಗಬೇಕಾದವರು ಹೋಗಲಿಲ್ಲವಲ್ಲ. ಬೇರೆಯವರಾದರೂ ಹೋಗಲಿ."

ಅವನು ಗ್ಯಾರೇಜಿನ ಹಿಂದಿನಿಂದ ತನ್ನ ಹಳೆಯ ವ್ಯಾನು ತಂದು ನಿಲ್ಲಿಸಿದ. ಏಡಿ ಹಿಡಿಯುವ ಬುಟ್ಟಿಗಳನ್ನು ಹಿಂದಕ್ಕೆ ತಳ್ಳಿದ.

"ಹತ್ತಿ. ನಿಮಗೋಸ್ಕರ ಅಲ್ಲ. ಆ ಅಮ್ಮನಿಗೋಸ್ಕರ."

ಮುಂದಿನ ಉದ್ದ ಸೀಟಿನಲ್ಲಿ ಮೂವರೂ ಕೂತರು. ಹನ್ನೆಕೆ ತಾನಾಗಿಯೇ ಕಿಟಕಿಯ ಪಕ್ಕ ಹಿಡಿದಳು. ಮಾರ್ಸಲಿಗೆ ನಡುವೆ ಸಿಕ್ಕಿಕೊಳ್ಳದೆ ದಾರಿಯಿರಲಿಲ್ಲ. ತಿರುವಿನಲ್ಲಿ ಅವನ ತೋಳು ತಾಗಿದರೆ ಬೆಂಕಿ ತಾಗಿದ ಹಾಗೆ ಸರಿಯುತ್ತಿದ್ದಳು.

"ನಿಮ್ಮ ಜೀವನದಲ್ಲಿ ಒಂದು ಸಲವಾದರೂ ಹೇಳಿದ ದಿನಕ್ಕೆ ಬಂದಿದ್ದೀರಾ?" ಕೊನೆಗೂ ಅವಳ ಸಹನೆಯ ಕಟ್ಟೆಯೊಡೆಯಿತು.

"ನಾನಾ?" ಎದುರಿಗೆ ಟ್ರ್ಯಾಕ್ಟರ್ ಬಂತು. ಒಂದೇ ಗಾಡಿ ಹಿಡಿಯುವ ರಸ್ತೆ. ಟಾರ್ಮಡ್ ಬದಿಗೆ ಸರಿದು, ಸ್ಟೀರಿಂಗಿನಿಂದ ಒಂದು ಬೆರಳೆತ್ತಿ, ನಗುಮುಖದಿಂದ ಟ್ರ್ಯಾಕ್ಟರಿನವನಿಗೆ ಸಲಾಮು ಹಾಕಿದ. ಅದು ದಾಟಿದ ಕೂಡಲೇ ನಗು ಮಾಯವಾಯಿತು. "ನಾನು ಮಾತು ತಪ್ಪಿದೆನಾ? ಮೇಲ್‌ನಲ್ಲಿ ಏನು ಬರೆದಿದ್ರಿ, ಓದಿ."

ಅವಳು ಫೋನು ತೆಗೆದು ಓದಿದಳು. "'ಮುಂದಿನ ಶನಿವಾರ ಸಂಜೆ ಕಾರು ಬೇಕು.' ಇವತ್ತು ಯಾವ ವಾರ? ಶನಿವಾರ ತಾನೇ?"

"ಬುಧವಾರದ ಮೇಲೆ ಇವತ್ತಿಂದು ಮೊದಲ ಶನಿವಾರ. ಅದರ ಆಚೇದು ಮುಂದಿನ ಶನಿವಾರ."

"ಬುಧವಾರ ಹೇಳಿದ ಮೇಲೆ ಮುಂದೆ ಬರೋದೇ ಮುಂದಿನ ಶನಿವಾರ. ಮಕ್ಕಳಿಗೂ ಗೊತ್ತು."

"ನೀವು ಬೆಳೆದ ಲಿವರ್‌ಪೂಲಿನ ಮಕ್ಕಳಿಗೆ ಗೊತ್ತಿರಬಹುದು. ಇಲ್ಲಿ ನಮ್ಮಜ್ಜಿ ಕಾಲದಿಂದಲೂ ಮೊದಲನೇದು ಮೊದಲನೇದೇ, ಮುಂದಿಂದು ಮುಂದಿಂದೇ."

"ನಮ್ಮಲ್ಲೂ ಇದೇ ಜಗಳ," ಎಂದಳು ಹನ್ನೆಕೆ, ಕಿಟಕಿಯಾಚೆ ಕುರಿ ನೋಡುತ್ತ. "ಇದರಿಂದಲೇ ನಮ್ಮಣ್ಣ ತನ್ನ ನಿಶ್ಚಿತಾರ್ಥಕ್ಕೆ ಒಂದು ವಾರ ತಡವಾಗಿ ಹೋದ."

ಅವಳು ನಕ್ಕಳು. ಉಳಿದಿಬ್ಬರೂ ನಗಲಿಲ್ಲ.

ವ್ಯಾನು ಮೆಲ್ಲಗಾಯಿತು. ರಸ್ತೆಯ ಬದಿಯಲ್ಲಿ ನಿಂತೇಬಿಟ್ಟಿತು.

ಮಾರ್ಸಲಿಗೆ ಮೂರು ವರ್ಷದ ಹಿಂದಿನದು ನೆನಪಾಯಿತು. ಆ ದಿನ... ಓಬನ್ ಹಡಗುಕಟ್ಟೆ. ಇದೇ ಪ್ರವಾಸಕ್ಕೆ ಇಬ್ಬರೂ ಹೊರಡಬೇಕಿತ್ತು. ದೋಣಿಗೆ ಹೋಗುವ ಮುಂಚೆ ಟಾರ್ಮಡ್ ಫೋನಿನಲ್ಲಿ ಹೇಳಿದ್ದ...

"ಏನು ಹೇಳಿದ್ದೆ ನೀನು ಅವತ್ತು?" ಎಂದಳು. 'ನೀವು' ಎಲ್ಲೋ ಬಿದ್ದುಹೋಗಿತ್ತು.

"'ಮುಂದಿನ ಶನಿವಾರ ಬರ್ತೀನಿ' ಅಂದಿದ್ದೆ," ಎಂದ ಅವನು ನಿಧಾನವಾಗಿ.

"ನಾನು ಬೆಳಗ್ಗೆಯಿಂದ ಸಂಜೆವರೆಗೆ ಕಾದೆ. ಮೂರು ಹಡಗು ಹೋದವು. ನಿನ್ನ ಫೋನು ಹತ್ತಲಿಲ್ಲ..."

"ನಡುಗಡಲಲ್ಲಿದ್ದೆ ಕಣೆ. ಗುರುವಾರ ದಡಕ್ಕೆ ಬಂದು ನೋಡಿದರೆ ನಿನ್ನ ಒಂದೇ ಒಂದು ಸಂದೇಶ. 'ನಿನ್ನ ಮುಖ ನೋಡಲ್ಲ.' ಎಷ್ಟು ಸಲ ಮಾಡಿದರೂ ಫೋನ್ ಹೋಗಲಿಲ್ಲ. ಆದರೂ ಶನಿವಾರ ಬಂದೆ. ಕೋಟು ಹಾಕ್ಕೊಂಡು, ಶೇವ್ ಮಾಡ್ಕೊಂಡು, ಅದೇ ಕಟ್ಟೆ ಮೇಲೆ ನಿಂತಿದ್ದೆ. ನೀನು ಲಿವರ್‌ಪೂಲಿಗೆ ಹೋದೆ ಅಂದರು."

ಮೂರು ವರ್ಷ! ಒಂದು ಪದಕ್ಕೆ...

"ಒಂದು ಕಾಗದ ಬರೆಯೋಕಾಗಲಿಲ್ವಾ ನಿಂಗೆ?" ಅವಳು ಸಿಡಿದಳು. ಅಳು ಬಂದಾಗ ಅವಳಿಗೆ ಮೊದಲು ಸಿಟ್ಟೇ ಬರುತ್ತಿತ್ತು.

"ಬೇಡ ಅಂದವಳ ಬಾಗಿಲು ಬಡಿಯೋಕೆ ನಂಗೆ ಮಾನ ಇಲ್ವಾ? ನೀನು ಇನ್ನೊಂದು ವಾರ ಕಾಯೋಕಾಗಲಿಲ್ವಾ?"

"ಯಾಕೆ ಕಾಯಬೇಕು? ನಿನ್ನ ಲೆಕ್ಕ ಹೀಗೆ ಅಂತ ನಂಗೆ ಕನಸು ಬಿದ್ದಿತ್ತಾ?"

"ಮಕ್ಕಳೇ," ಎಂದಳು ಹನ್ನೆಕೆ, "ಹಡಗಿಗೆ ಹನ್ನೆರಡು ನಿಮಿಷ ಇದೆ. ಜಗಳ ಗಾಡಿ ಓಡಿಸ್ಕೊಂಡೂ ಆಡಬಹುದು."

ಟಾರ್ಮಡ್ ಗೇರು ಹಾಕಿದ.

ಹಡಗಿನ ಬಾಗಿಲು ಎತ್ತುವ ಹೊತ್ತಿಗೆ ಒಳನುಗ್ಗಿದ ಕೊನೆಯ ಗಾಡಿ ಅವರದು. ಆಚೆ ದಡದಲ್ಲಿ ಕಾರು ಸಿಗುವುದಿಲ್ಲ. ಏಳು ದಿನವೂ ತಾನೇ ಓಡಿಸುತ್ತೇನೆಂದು ಅವನು ಹನ್ನೆಕೆಗೆ ಹೇಳಿದ. ಮಾರ್ಸಲಿಗೆ ಹೇಳಲಿಲ್ಲ.

"ಮೀನಿನ ವಾಸನೆ," ಎಂದಳು ಹನ್ನೆಕೆ ವ್ಯಾನಿನಿಂದ ಇಳಿಯುತ್ತ. "ಆದರೆ ಇಂಥ ಪ್ರವಾಸ ನನಗೆ ಇನ್ಯಾರೂ ತೋರಿಸಿಲ್ಲ. ನನ್ನ ಜನರನ್ನು ಕಳಿಸ್ತೀನಿ. ತಾರೀಕು ಮಾತ್ರ ಅಂಕಿಯಲ್ಲಿ ಬರೀರಿ." ಗಾಳಿ ತಾಗದ ಕಡೆ ಬೆಂಚು ಹುಡುಕಿಕೊಂಡು ಹೋದಳು.

ಹಡಗಿನ ಅಂಚಿನ ಕಂಬಿಯ ಬಳಿ ಇಬ್ಬರೇ ಉಳಿದರು. ಗಾಳಿ ಅವಳ ಕೂದಲನ್ನೆಲ್ಲ ಮುಖಕ್ಕೆ ತಂದು ಹಾಕುತ್ತಿತ್ತು. ಕಚೇರಿ ಉಳಿಯಿತು. ಆದರೆ ಅವಳ ತಲೆಯಲ್ಲಿದ್ದುದು ಆ ಕೋಟು.

"ಆ ಪ್ರವಾಸಕ್ಕೆ ಕೋಟು ಯಾಕೆ ಹಾಕ್ಕೊಂಡಿದ್ದೆ?" ಕೇಳಿದಳು, ಸಮುದ್ರ ನೋಡುತ್ತ.

"ಒಂದು ಮಾತು ಕೇಳೋದಿತ್ತು."

"ಏನು ಮಾತು?"

"ಈಗ ಯಾಕೆ? ನೀನು ಇನ್ನೂ ಸಿಟ್ಟಲ್ಲಿದ್ದೀಯ."

"ಹೌದು, ಇದ್ದೀನಿ. ಸಿಟ್ಟಲ್ಲಿರುವಾಗಲೇ ಕೇಳು. ಆಮೇಲೆ ನಿಂಗೆ ಧೈರ್ಯ ಸಾಲಲ್ಲ."

ಅವನು ಗಂಟಲು ಸರಿಮಾಡಿಕೊಂಡ. "ನನ್ನನ್ನ ಮದುವೆ ಆಗ್ತೀಯಾ?"

"ಇಷ್ಟು ಕೆಟ್ಟ ಮುಖ ಮಾಡ್ಕೊಂಡು ಯಾರಾದರೂ ಕೇಳ್ತಾರಾ?"

"ನನಗೂ ಸಿಟ್ಟಿದೆ ಮಾರ್ಸಲಿ. ಮೂರು ವರ್ಷದ್ದು. ಸಿಟ್ಟಿನ ಕೆಳಗೆ ಏನಿತ್ತು ಅಂತ ಇವತ್ತು ನಿನ್ನನ್ನ ನೋಡಿದ ಮೇಲೆ ಗೊತ್ತಾಯಿತು. ಒಂದು ದಿನಾನೂ ನೀನು ನನ್ನ ಮನಸ್ಸಿಂದ ಹೋಗಿರಲಿಲ್ಲ."

ಈಗ ಕಣ್ಣೀರು ಬಂತು, ಸಿಟ್ಟಿನ ಹಿಂದೆಯೇ. ಒರೆಸಿಕೊಳ್ಳಲಿಲ್ಲ.

"ಹೂಂ," ಅಂದಳು.

"ಏನಂದೆ? ಗಾಳೀಲಿ ಕೇಳಿಸಲಿಲ್ಲ."

"ಕೇಳಿಸ್ತು ನಿಂಗೆ. ಎರಡನೇ ಸಲ ಹೇಳಲ್ಲ." ಅವಳು ಮೊದಲ ಬಾರಿ ಅವನತ್ತ ತಿರುಗಿದಳು. "ಈ ಸಲ ನಂಗೆ ಕೈ ಕೊಡಲ್ಲ ತಾನೇ?"

ಎಣ್ಣೆಯ ಕಲೆ ಹೋಗದ ಅಂಗೈಯನ್ನು ಅವನು ಅವಳ ಮುಂದೆ ಚಾಚಿದ.

"ಕೊಡ್ತಿದ್ದೀನಿ ನೋಡು. ಹಿಡ್ಕೋ."